ಸಮಬಲ ಮತ್ತು ಸಮತೋಲ: ಬಂದೂಕಿನ ಆಟಗಳಲ್ಲಿ ಸಾಮರ್ಥ್ಯದ ಆಯ್ಕೆ
(ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ)

ಆಟಗಳ ಇತಿಹಾಸವು ವಿಶ್ವವಿದ್ಯಾಲಯದ ಸಂಶೋಧನೆಗೆ ತಕ್ಕ ವಸ್ತುವೇ ಎಂಬ ಸಂದೇಹವು ವಿದ್ವಾಂಸರಲ್ಲಿ ಕೆಲವರಿಗೆ ಉಂಟು. ಈ ಸಂದೇಹಕ್ಕೆ ಕರ್ನಾಟಕದ ಇತಿಹಾಸವೇ ಉತ್ತರವನ್ನು ಕೊಡುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ತನ್ನ ಐದು ವಿಂಶತಿಗಳಲ್ಲಿ ಒಂದನ್ನು ಕ್ರೀಡೆಗಳಿಗಾಗಿಯೇ ಮೀಸಲಿಟ್ಟು, ಚತುರಂಗವೇ ಮೊದಲಾದ ಆಟಗಳನ್ನು ಅದರಲ್ಲಿ ನಿರೂಪಿಸಿದೆ. ಇಂದಿನ ಹಾವೇರಿ ಜಿಲ್ಲೆಯ ಪ್ರದೇಶವು ಆಗ ಅದೇ ಸಾಮ್ರಾಜ್ಯದ ಒಳಗಿದ್ದಿತು. ರಾಜ್ಯವನ್ನು ಪಡೆಯುವ ಮತ್ತು ಕಾಯ್ದುಕೊಳ್ಳುವ ಬಗೆಯನ್ನು ಬೋಧಿಸುವ ಗ್ರಂಥವೊಂದು ಆಟಕ್ಕೆ ಇಷ್ಟು ಸ್ಥಳವನ್ನು ಕೊಟ್ಟಿರುವಾಗ, ನಮ್ಮ ಕಾಲದ ತರುಣರು ದಿನವೂ ಹಲವು ಗಂಟೆಗಳನ್ನು ಕಳೆಯುವ ಆಟಗಳನ್ನು ಇತಿಹಾಸಕಾರನು ಕಡೆಗಣಿಸುವುದು ಉಚಿತವಾಗಲಾರದು.

ಕಂಪ್ಯೂಟರಿನಲ್ಲಿಯೂ ಮೊಬೈಲ್ ಫೋನಿನಲ್ಲಿಯೂ ಅನೇಕರು ಏಕಕಾಲದಲ್ಲಿ ಕೂಡಿ ಆಡುವ, ಗುರಿಯಿಟ್ಟು ಗುಂಡು ಹಾರಿಸುವುದೇ ಮುಖ್ಯವಾಗಿರುವ ಆಟಗಳಿಗೆ ಶೂಟರ್ ಎಂದು ಹೆಸರು. ಈ ಲೇಖನದಲ್ಲಿ ಅವನ್ನು ಬಂದೂಕಿನ ಆಟಗಳೆಂದು ಕರೆಯಲಾಗಿದೆ. ಇವುಗಳಲ್ಲಿ ಒಂದು ಬಗೆಯ ಆಟದೊಳಗೆ ಎಲ್ಲ ಆಟಗಾರರೂ ಒಂದೇ ಸಮನಾದ ಶಕ್ತಿಯಿಂದ ಕಣಕ್ಕಿಳಿಯುತ್ತಾರೆ. ಇನ್ನೊಂದು ಬಗೆಯಲ್ಲಿ ಪ್ರತಿಯೊಬ್ಬನೂ ಆಟ ಮೊದಲಾಗುವ ಮುನ್ನ ತನಗೆ ಬೇಕಾದ ಪಾತ್ರವನ್ನು ಆರಿಸಿಕೊಂಡು, ಆ ಪಾತ್ರಕ್ಕೆ ಮಾತ್ರ ಇರುವ ವಿಶೇಷ ಸಾಮರ್ಥ್ಯವನ್ನು ಪಡೆಯುತ್ತಾನೆ. ಈ ಎರಡನೆಯ ಪದ್ಧತಿಯು ಬಂದುದರಿಂದ ಆಟದಲ್ಲಿ ಏನು ಬದಲಾಯಿತೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬದಲಾದುದು ಮುಖ್ಯವಾಗಿ ನ್ಯಾಯದ ಕಲ್ಪನೆ ಎಂಬುದು ಇಲ್ಲಿಯ ಪ್ರತಿಪಾದನೆ. ಎಲ್ಲರಿಗೂ ಒಂದೇ ಬಲವೆಂಬ ಸಮಬಲವಿದ್ದ ಸ್ಥಾನಕ್ಕೆ, ಬೇರೆಬೇರೆ ಬಲಗಳು ಒಂದನ್ನೊಂದು ಸರಿದೂಗುವ ಸಮತೋಲವು ಬಂದಿತು. ಸಮಬಲವನ್ನು ಆಟಗಾರರೇ ಕಣ್ಣಾರೆ ಕಂಡು ಒಪ್ಪಬಲ್ಲರು. ಸಮತೋಲವನ್ನಾದರೋ ತಕ್ಕಡಿ ಹಿಡಿದವನು ಹೇಳಬೇಕು. ಆ ತಕ್ಕಡಿ ಯಾರ ಕೈಯಲ್ಲಿದೆ, ಅದನ್ನು ಯಾರು ಪರೀಕ್ಷಿಸಬಲ್ಲರು ಎಂಬ ಪ್ರಶ್ನೆಗಳು ಇದರಿಂದ ಹುಟ್ಟುತ್ತವೆ.

೧. ಹಳೆಯ ಆಟಗಳಲ್ಲಿ ಬಲಭೇದ

ಆಟಗಾರರ ನಡುವೆ ಬಲದ ಭೇದವನ್ನು ನಿಯಮದಿಂದಲೇ ಕಲ್ಪಿಸುವುದು ಕಂಪ್ಯೂಟರ್ ಯುಗದ ಹೊಸ ಶೋಧವೇನೂ ಅಲ್ಲ. ನಮ್ಮ ನಾಡಿನ ಆಟಗಳನ್ನೇ ನೋಡಿದರೆ ಈ ವಿಷಯದಲ್ಲಿ ಮೂರು ಪದ್ಧತಿಗಳು ಕಂಡುಬರುತ್ತವೆ.

ಮೊದಲನೆಯದಕ್ಕೆ ಕಬಡ್ಡಿಯು ಉದಾಹರಣೆ. ಇಲ್ಲಿ ನಿಯಮವು ಎಲ್ಲ ಆಟಗಾರರನ್ನೂ ಒಂದೇ ರೀತಿಯಲ್ಲಿ ಕಾಣುತ್ತದೆ. ದಾಳಿಗೆ ಹೋಗುವವನು ಬೇರೆ, ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನು ಬೇರೆ ಎಂಬುದು ನಿಜವಾದರೂ ಆ ಭೇದವು ದೇಹದಿಂದಲೂ ಅಭ್ಯಾಸದಿಂದಲೂ ಬಂದದ್ದೇ ಹೊರತು ನಿಯಮದಿಂದ ಬಂದದ್ದಲ್ಲ. ಮೂಲೆಯವನು ದಾಳಿಗೆ ಹೋದರೆ ಅದನ್ನು ತಡೆಯುವವರಿಲ್ಲ.

ಎರಡನೆಯದು ಚತುರಂಗದ ಪದ್ಧತಿ. ಆನೆ, ಕುದುರೆ, ರಥ, ಕಾಲಾಳುಗಳಲ್ಲಿ ಒಂದೊಂದಕ್ಕೂ ಬೇರೆಬೇರೆ ನಡೆಯನ್ನು ನಿಯಮವೇ ವಿಧಿಸಿದೆ. ಆದರೆ ಎರಡು ಪಕ್ಷಗಳಿಗೂ ಅದೇ ಸೈನ್ಯವನ್ನು, ಅದೇ ಸಂಖ್ಯೆಯಲ್ಲಿ ಕೊಡಲಾಗುತ್ತದೆ. ಭೇದವು ಕಾಯಿಗಳಲ್ಲಿದೆ, ಆಟಗಾರರಲ್ಲಿ ಇಲ್ಲ.

ಮೂರನೆಯದು ಹುಲಿ-ಕುರಿ ಆಟದ ಪದ್ಧತಿ. ಇದರ ಮನೆಗಳನ್ನು ಕರ್ನಾಟಕದ ಅನೇಕ ದೇವಾಲಯಗಳ ಹಾಸುಗಲ್ಲುಗಳ ಮೇಲೆ ಕೊರೆದಿರುವುದನ್ನು ಕಾಣಬಹುದು. ಒಬ್ಬನಿಗೆ ಕೆಲವೇ ಹುಲಿಗಳು, ಇನ್ನೊಬ್ಬನಿಗೆ ಬಹುಸಂಖ್ಯೆಯ ಕುರಿಗಳು. ಹುಲಿಯು ಹಾರಿ ಕುರಿಯನ್ನು ಕೊಲ್ಲಬಲ್ಲದು. ಕುರಿಗಳು ಹುಲಿಯನ್ನು ಕೊಲ್ಲಲಾರವು, ಸುತ್ತುಗಟ್ಟಿ ಕಟ್ಟಿಹಾಕಬಲ್ಲವು. ಇಲ್ಲಿ ಎರಡು ಪಕ್ಷಗಳ ಬಲ ಮಾತ್ರವಲ್ಲ, ಗೆಲುವಿನ ಅರ್ಥವೂ ಬೇರೆ. ಹೀಗಿದ್ದರೂ ಈ ಆಟವನ್ನು ಯಾರೂ ಅನ್ಯಾಯವೆಂದು ಹೇಳುವುದಿಲ್ಲ. ಒಂದು ಆಟ ಮುಗಿದ ಮೇಲೆ ಹುಲಿ ಹಿಡಿದವನು ಕುರಿ ಹಿಡಿಯುತ್ತಾನೆ. ಪಕ್ಷಗಳ ಅದಲುಬದಲಿನಿಂದ ಭೇದವು ಪರಿಹಾರವಾಗುತ್ತದೆ.

ಈ ಮೂರು ಪದ್ಧತಿಗಳಿಗೆ ಒಂದು ಸಾಮಾನ್ಯ ಲಕ್ಷಣವುಂಟು. ಆಟ ನ್ಯಾಯವಾಗಿದೆಯೇ ಎಂಬುದನ್ನು ಎದುರುಬದುರಾಗಿ ಕುಳಿತ ಅಥವಾ ನಿಂತ ಆಟಗಾರರೇ ನಿರ್ಣಯಿಸಬಲ್ಲರು. ಕಾಯಿಗಳನ್ನು ಎಣಿಸಬಹುದು, ಪಕ್ಷವನ್ನು ಬದಲಿಸಬಹುದು. ಈಗ ವಿವೇಚಿಸಲಿರುವ ನಾಲ್ಕನೆಯ ಪದ್ಧತಿಯಲ್ಲಿ, ಅಂದರೆ ಪ್ರತಿಯೊಬ್ಬನೂ ತನ್ನ ಬಲವನ್ನು ತಾನೇ ಆರಿಸಿಕೊಳ್ಳುವ ಪದ್ಧತಿಯಲ್ಲಿ, ಈ ಲಕ್ಷಣವು ಶಿಥಿಲವಾಗುತ್ತದೆ.

೨. ಬಂದೂಕಿನ ಆಟಗಳ ಬೆಳವಣಿಗೆ

೧೯೯೩ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು 'ಡೂಮ್' ಎಂಬ ಆಟವನ್ನು ಪ್ರಕಟಿಸಿತು. ತಂತಿಯಿಂದ ಜೋಡಿಸಿದ ಕಂಪ್ಯೂಟರುಗಳಲ್ಲಿ ನಾಲ್ವರವರೆಗೆ ಪರಸ್ಪರ ಹೋರಾಡುವ ಅನುಕೂಲತೆಯು ಅದರಲ್ಲಿದ್ದಿತು. ಈ ಹೋರಾಟದಲ್ಲಿ ಆಟಗಾರರ ನಡುವೆ ಬಣ್ಣದ ಭೇದವಲ್ಲದೆ ಬೇರೆ ಭೇದವಿರಲಿಲ್ಲ. ಒಳ್ಳೆಯ ಆಯುಧವು ಕಣದ ಒಂದು ಸ್ಥಳದಲ್ಲಿ ಬಿದ್ದಿರುತ್ತಿತ್ತು. ಮೊದಲು ಓಡಿಹೋದವನಿಗೆ ಅದು ಮೊದಲು ದಕ್ಕುತ್ತಿತ್ತು. ಇದು ಶುದ್ಧ ಸಮಬಲದ ಆಟ.

೧೯೯೬ರಲ್ಲಿ ಅದೇ ಸಂಸ್ಥೆಯ 'ಕ್ವೇಕ್' ಪ್ರಕಟವಾಯಿತು. ಅದೇ ವರ್ಷ ಆಸ್ಟ್ರೇಲಿಯಾದ ರಾಬಿನ್ ವಾಕರ್, ಜಾನ್ ಕುಕ್ ಮತ್ತು ಇಯಾನ್ ಕಾಗ್ಲಿ ಎಂಬ ತರುಣರು ಆ ಆಟವನ್ನು ಮಾರ್ಪಡಿಸಿ 'ಟೀಮ್ ಫೋರ್ಟ್ರೆಸ್' ಎಂಬುದನ್ನು ರಚಿಸಿದರು. ಆಟಗಾರನು ವೈದ್ಯ, ಯಂತ್ರಜ್ಞ, ಗೂಢಚಾರ, ದೂರದ ಗುರಿಕಾರ ಮೊದಲಾದ ವರ್ಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ಪದ್ಧತಿಯು ಬಂದೂಕಿನ ಆಟಗಳಲ್ಲಿ ಪ್ರಸಿದ್ಧಿಗೆ ಬಂದುದು ಇದರಿಂದಲೇ. ೨೦೦೭ರಲ್ಲಿ ಪ್ರಕಟವಾದ 'ಟೀಮ್ ಫೋರ್ಟ್ರೆಸ್ ೨' ಒಂಬತ್ತು ವರ್ಗಗಳನ್ನು ಸ್ಥಿರಪಡಿಸಿತು.

ಇದರ ಜೊತೆಗೆ ಸಮಬಲದ ಪಂಥವೂ ಮುಂದುವರಿಯಿತು. ೧೯೯೯ರಲ್ಲಿ ಹುಟ್ಟಿದ 'ಕೌಂಟರ್-ಸ್ಟ್ರೈಕ್' ಅದರ ಪ್ರತಿನಿಧಿ. ಅಲ್ಲಿ ಪ್ರತಿ ಸುತ್ತಿನ ಆರಂಭದಲ್ಲಿ ಆಟಗಾರನು ಆಟದೊಳಗೇ ಗಳಿಸಿದ ಹಣದಿಂದ ಆಯುಧವನ್ನು ಕೊಳ್ಳುತ್ತಾನೆ. ಒಬ್ಬನು ಕೊಳ್ಳಬಹುದಾದುದನ್ನು ಅವನ ಪಕ್ಷದ ಇನ್ನೊಬ್ಬನೂ ಕೊಳ್ಳಬಹುದು. ಎರಡು ಪಕ್ಷಗಳ ಆಯುಧಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಆಟದ ಅರ್ಧದಲ್ಲಿ ಪಕ್ಷಗಳು ಅದಲುಬದಲಾಗುತ್ತವೆ. ಹುಲಿ-ಕುರಿ ಆಟದ ಪರಿಹಾರವೇ ಇಲ್ಲಿಯೂ ಇದೆಯೆಂಬುದು ಗಮನಾರ್ಹ.

೨೦೧೫ರಿಂದ ೨೦೨೦ರವರೆಗಿನ ಐದು ವರ್ಷಗಳಲ್ಲಿ ವರ್ಗದ ಆಯ್ಕೆಯು ವ್ಯಕ್ತಿಯ ಆಯ್ಕೆಯಾಗಿ ಮಾರ್ಪಟ್ಟಿತು. 'ರೇನ್‌ಬೋ ಸಿಕ್ಸ್ ಸೀಜ್' (೨೦೧೫), 'ಓವರ್‌ವಾಚ್' (೨೦೧೬), 'ಏಪೆಕ್ಸ್ ಲೆಜೆಂಡ್ಸ್' (೨೦೧೯), 'ವ್ಯಾಲರಂಟ್' (೨೦೨೦) ಇವುಗಳಲ್ಲಿ ವೈದ್ಯ, ಯಂತ್ರಜ್ಞ ಎಂಬ ಸಾಮಾನ್ಯ ವರ್ಗಗಳ ಬದಲು ಹೆಸರು, ಮುಖ, ಮಾತು, ಊರುಗಳುಳ್ಳ ಪಾತ್ರಗಳು ಬಂದವು. ಒಂದೊಂದು ಪಾತ್ರಕ್ಕೂ ಬೇರೆ ಯಾರಿಗೂ ಇಲ್ಲದ ಸಾಮರ್ಥ್ಯಗಳು. 'ಓವರ್‌ವಾಚ್' ಆರಂಭದಲ್ಲಿ ೨೧ ಪಾತ್ರಗಳನ್ನು ಹೊಂದಿದ್ದಿತು. ೨೦೨೦ರ ವೇಳೆಗೆ ಅವು ೩೨ ಆದವು. 'ವ್ಯಾಲರಂಟ್' ಪ್ರಕಟವಾದಾಗ ೧೧ ಪಾತ್ರಗಳು, ಒಂದೊಂದಕ್ಕೆ ನಾಲ್ಕರಂತೆ ೪೪ ಸಾಮರ್ಥ್ಯಗಳು ಇದ್ದವು.

೩. ಆಯ್ಕೆಯಿಂದ ಆಟದಲ್ಲಾದ ಮಾರ್ಪಾಟುಗಳು

ಬಂದೂಕಿನ ಆಟದ ಮೂಲಸೂತ್ರವು ನೋಟ. ಕಂಡವನನ್ನು ಹೊಡೆಯಬಹುದು, ಕಾಣದವನನ್ನು ಹೊಡೆಯಲಾಗದು. ಸಮಬಲದ ಆಟದಲ್ಲಿ ಗೆಲುವು ಬಹುಮಟ್ಟಿಗೆ ಯಾರು ಮೊದಲು ಕಂಡರು, ಯಾರ ಕೈ ಸ್ಥಿರವಾಗಿದ್ದಿತು ಎಂಬುದರ ಮೇಲೆ ನಿಂತಿರುತ್ತದೆ. ವಿಶೇಷ ಸಾಮರ್ಥ್ಯಗಳನ್ನು ಪರಿಶೀಲಿಸಿದರೆ ಅವು ಈ ಸೂತ್ರವನ್ನು ನಾಲ್ಕು ದಿಕ್ಕುಗಳಿಂದ ಮುಟ್ಟುವುದು ಕಂಡುಬರುತ್ತದೆ. ಕೆಲವು ನೋಟವನ್ನು ಕೆಡಿಸುತ್ತವೆ ಅಥವಾ ಹೆಚ್ಚಿಸುತ್ತವೆ: ಹೊಗೆಯ ತೆರೆ, ಅಡಗಿದವನನ್ನು ತೋರಿಸುವ ಬಾಣ. ಕೆಲವು ದಾರಿಯನ್ನು ಕಟ್ಟುತ್ತವೆ: ಇಲ್ಲದಿದ್ದ ಗೋಡೆಯನ್ನು ಎಬ್ಬಿಸುವುದು. ಕೆಲವು ಪ್ರಾಣವನ್ನು ತುಂಬುತ್ತವೆ: ಗಾಯವನ್ನು ಮಾಯಿಸುವುದು, ಸತ್ತವನನ್ನು ಏಳಿಸುವುದು. ಕೆಲವು ವೇಗವನ್ನು ಬದಲಿಸುತ್ತವೆ. 'ವ್ಯಾಲರಂಟ್'ನಲ್ಲಿ ಸೇಜ್ ಎಂಬ ಪಾತ್ರವು ಗೋಡೆಯನ್ನೂ ಎಬ್ಬಿಸಬಲ್ಲದು, ಜೊತೆಯವನ ಗಾಯವನ್ನೂ ಮಾಯಿಸಬಲ್ಲದು. ಇಂಥ ಪಾತ್ರವು ಎದುರಿನಲ್ಲಿದೆಯೆಂದು ತಿಳಿದ ಮಾತ್ರಕ್ಕೆ ಆಕ್ರಮಣದ ದಾರಿಯನ್ನೇ ಬದಲಿಸಬೇಕಾಗುತ್ತದೆ. ಒಂದು ಗುಂಡೂ ಹಾರದ ಮೊದಲೇ ಆಯ್ಕೆಯು ಕೆಲಸ ಮಾಡಿರುತ್ತದೆ. ಹೀಗೆ ಹೋರಾಟದ ಒಂದು ಪಾಲು ಕಣದಿಂದ ಆಯ್ಕೆಯ ಗಳಿಗೆಗೆ ಸರಿಯಿತು.

ಎರಡನೆಯ ಮಾರ್ಪಾಟು ಪರಸ್ಪರ ಅವಲಂಬನೆ. ಸಮಬಲದ ಆಟದಲ್ಲಿ ತಂಡವೆಂದರೆ ಒಂದೇ ಬಗೆಯ ಐದು ಜನರ ಕೂಟ. ನಾಲ್ವರು ಅಳಿದರೂ ಐದನೆಯವನು ಎಲ್ಲವನ್ನೂ ತಾನೇ ಮಾಡಬಲ್ಲನು. ಸಾಮರ್ಥ್ಯಗಳು ಹಂಚಿಹೋದಾಗ ಒಬ್ಬನ ಕೊರತೆಯನ್ನು ಇನ್ನೊಬ್ಬನು ತುಂಬಬೇಕು. ಇದರಿಂದ ಒಂದು ಲಾಭವುಂಟಾಯಿತು. ಗುರಿಯಲ್ಲಿ ಚುರುಕಿಲ್ಲದವನಿಗೂ ತಂಡದಲ್ಲಿ ಗೌರವದ ಸ್ಥಾನ ದೊರೆಯಿತು. 'ಟೀಮ್ ಫೋರ್ಟ್ರೆಸ್ ೨'ರ ವೈದ್ಯನು ತಾನು ಹೊಡೆದವರ ಸಂಖ್ಯೆಯಿಂದಲ್ಲ, ತಾನು ಉಳಿಸಿದವರಿಂದ ಬೆಲೆ ಪಡೆಯುತ್ತಾನೆ. ನಷ್ಟವೂ ಉಂಟಾಯಿತು. ಎಲ್ಲರೂ ಹೊಡೆಯುವ ಪಾತ್ರವನ್ನೇ ಬಯಸುವುದರಿಂದ ಕಾಯುವ, ಮಾಯಿಸುವ ಪಾತ್ರಗಳಿಗೆ ಜನ ಸಿಗದೆ, ಸೋತಾಗ ನಿಂದೆಗಳು ಹುಟ್ಟಿದವು. ಸಮಬಲದ ಆಟದಲ್ಲಿ ಸೋತವನು ತನ್ನ ಕೈಯನ್ನು ದೂರಿದರೆ, ಇಲ್ಲಿ ಜೊತೆಯವನ ಆಯ್ಕೆಯನ್ನು ದೂರಿದನು.

ಮೂರನೆಯ ಮಾರ್ಪಾಟು ತಿಳಿವಳಿಕೆಯ ಹೊರೆ. ತನ್ನ ಪಾತ್ರವನ್ನು ಕಲಿತರೆ ಸಾಲದು, ಎದುರಾಗಬಹುದಾದ ಎಲ್ಲ ಪಾತ್ರಗಳನ್ನೂ ಅರಿತಿರಬೇಕು. ಚತುರಂಗದಲ್ಲಿ ಆರು ಬಗೆಯ ಕಾಯಿಗಳ ನಡೆಯನ್ನು ಒಂದು ಸಂಜೆಯಲ್ಲಿ ಕಲಿಸಬಹುದು. ೪೪ ಸಾಮರ್ಥ್ಯಗಳನ್ನು ಕಲಿಯಲು ವಾರಗಳು ಬೇಕು, ಕಲಿಯುವಷ್ಟರಲ್ಲಿ ಹೊಸವು ಬರುತ್ತವೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಆಯ್ಕೆಯ ಸ್ವಾತಂತ್ರ್ಯವು ತನ್ನನ್ನು ತಾನೇ ಕುಗ್ಗಿಸಿಕೊಳ್ಳುವ ಪ್ರವೃತ್ತಿಯುಳ್ಳದ್ದು. ಅನೇಕ ಆಯ್ಕೆಗಳಿರುವಲ್ಲಿ ಯಾವುದೋ ಒಂದು ಕೂಟವು ಉಳಿದವಕ್ಕಿಂತ ಬಲವಾಗಿ ಕಂಡುಬಂದರೆ ಎಲ್ಲರೂ ಅದನ್ನೇ ಆರಿಸಿಕೊಳ್ಳುತ್ತಾರೆ. 'ಓವರ್‌ವಾಚ್'ನ ಇತಿಹಾಸದಲ್ಲಿ ಇದರ ಸ್ಪಷ್ಟ ನಿದರ್ಶನವಿದೆ. ೨೦೧೮-೧೯ರ ಸುಮಾರಿಗೆ ಶ್ರೇಷ್ಠ ತಂಡಗಳು ಆರು ಮಂದಿಯಲ್ಲಿ ಮೂವರು ರಕ್ಷಕರು, ಮೂವರು ಶುಶ್ರೂಷಕರು ಎಂಬ ಒಂದೇ ರಚನೆಯನ್ನು ಅನುಸರಿಸತೊಡಗಿದವು. ಹೊಡೆಯುವುದಕ್ಕೆಂದೇ ನಿರ್ಮಿಸಿದ ಪಾತ್ರಗಳು ಕಣದಿಂದ ಮಾಯವಾದವು. ೨೦೧೯ರಲ್ಲಿ ಸಂಸ್ಥೆಯು ಮಧ್ಯೆ ಪ್ರವೇಶಿಸಿ, ಇಬ್ಬರು ರಕ್ಷಕರು, ಇಬ್ಬರು ಹೊಡೆಯುವವರು, ಇಬ್ಬರು ಶುಶ್ರೂಷಕರು ಇರಲೇಬೇಕೆಂದು ಕಟ್ಟುಮಾಡಿತು. ವೈವಿಧ್ಯವನ್ನು ಉಳಿಸುವುದಕ್ಕಾಗಿ ಸ್ವಾತಂತ್ರ್ಯವನ್ನು ಮೊಟಕುಗೊಳಿಸಬೇಕಾಯಿತು. ಅದಾದ ಮೇಲೆ ಹೊಡೆಯುವ ಪಾತ್ರಕ್ಕೆ ಕಾಯುವವರ ಸರದಿಯು ಉದ್ದವಾಗಿಯೂ ಉಳಿದವರ ಸರದಿಯು ಗಿಡ್ಡವಾಗಿಯೂ ಆದುದು, ಜನರ ನಿಜವಾದ ಒಲವು ಎತ್ತ ಕಡೆಗೆ ಇದ್ದಿತೆಂಬುದನ್ನು ತೋರಿಸುತ್ತದೆ.

೪. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು

ಮೇಲೆ ಹೇಳಿದ ಆಟಗಳಲ್ಲಿ ಬಹುಪಾಲು ಬೆಲೆಯುಳ್ಳ ಕಂಪ್ಯೂಟರನ್ನು ಅಪೇಕ್ಷಿಸುವಂಥವು. ನಮ್ಮ ಜಿಲ್ಲೆಯ ಊರುಗಳಿಗೆ ಈ ಇತಿಹಾಸವು ಬೇರೆ ದಾರಿಯಿಂದ ಬಂದಿತು. ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದರ ನಂತರ ಒಂದು ಬರುತ್ತವೆ. ೧೯೯೭ರಲ್ಲಿ ಧಾರವಾಡದಿಂದ ಬೇರ್ಪಟ್ಟ ಜಿಲ್ಲೆಗೆ ಹಾವೇರಿಯು ಮುಖ್ಯಸ್ಥಳ. ಬ್ಯಾಡಗಿಯು ಮೆಣಸಿನಕಾಯಿಯ ಪೇಟೆ. ರಾಣೆಬೆನ್ನೂರು ಹತ್ತಿ ಮತ್ತು ಬಿತ್ತನೆ ಬೀಜಗಳ ವ್ಯಾಪಾರಕ್ಕೆ ಹೆಸರಾದುದು. ಇಲ್ಲಿಯ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳ ರೈತರ, ಹಮಾಲರ, ಸಣ್ಣ ವ್ಯಾಪಾರಿಗಳ ಮಕ್ಕಳು ಬಸ್ಸಿನಲ್ಲಿಯೂ ರೈಲಿನಲ್ಲಿಯೂ ಬಂದುಹೋಗುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಕೈಯಲ್ಲಿಯ ಮೊಬೈಲ್ ಫೋನೇ ಮೊದಲ ಕಂಪ್ಯೂಟರು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆಯು ಸೇವೆಯನ್ನು ಆರಂಭಿಸಿದ ಮೇಲೆ ಅಂತರ್ಜಾಲದ ಬೆಲೆಯು ಇಳಿದು, ಕೂಡಿ ಆಡುವ ಬಂದೂಕಿನ ಆಟಗಳು ಇಂಥ ಊರುಗಳಿಗೂ ಎಟಕುವಂತಾದವು.

ಹೀಗೆ ಬಂದ ಆಟಗಳಲ್ಲಿ ಎರಡು ಪ್ರಮುಖವಾದವು. ೨೦೧೮ರಲ್ಲಿ ಮೊಬೈಲಿಗೆ ಬಂದ 'ಪಬ್‌ಜಿ' ಒಂದು; ೨೦೧೭ರ 'ಫ್ರೀ ಫೈರ್' ಇನ್ನೊಂದು. ಅದೇ ಊರು, ಅದೇ ಗೆಳೆಯರು, ಬಹುಮಟ್ಟಿಗೆ ಅದೇ ಫೋನುಗಳು. ಆದರೆ ಎರಡು ಆಟಗಳ ತತ್ತ್ವಗಳು ಪರಸ್ಪರ ವಿರುದ್ಧ. ಆದಕಾರಣ ಸಾಮರ್ಥ್ಯದ ಆಯ್ಕೆಯು ಏನನ್ನು ಬದಲಿಸುತ್ತದೆಂಬುದನ್ನು ತಿಳಿಯಲು ಈ ಎರಡರ ಹೋಲಿಕೆಯು ಅತ್ಯಂತ ಉಪಯುಕ್ತವಾಗಿದೆ.

ಪಬ್‌ಜಿಯಲ್ಲಿ ನೂರು ಮಂದಿ ಬರಿಗೈಯಿಂದ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಆಯುಧ, ಕವಚ, ಔಷಧಗಳು ನೆಲದ ಮೇಲೆ ಬಿದ್ದಿರುತ್ತವೆ. ದೊರೆತದ್ದು ಅದೃಷ್ಟ, ಉಳಿದದ್ದು ಕೌಶಲ. ಇದು 'ಡೂಮ್'ನ ಸಮಬಲವೇ. ಫ್ರೀ ಫೈರ್‌ನಲ್ಲಿ ಐವತ್ತು ಮಂದಿ; ಆಟವು ಸುಮಾರು ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ; ಕಡಿಮೆ ಬೆಲೆಯ ಫೋನಿನಲ್ಲಿಯೂ ನಡೆಯುತ್ತದೆ. ಆದರೆ ಇಲ್ಲಿ ಪ್ರತಿಯೊಬ್ಬನೂ ಒಂದು ಪಾತ್ರವನ್ನು ಧರಿಸಿ, ಅದರ ಸಾಮರ್ಥ್ಯದೊಡನೆ ಇಳಿಯುತ್ತಾನೆ. ತರುಣರು ಇದನ್ನು 'ಕ್ಯಾರೆಕ್ಟರ್ ಸ್ಕಿಲ್' ಎನ್ನುತ್ತಾರೆ. ಬೇರೆ ಪಾತ್ರಗಳ ಸಾಮರ್ಥ್ಯಗಳನ್ನೂ ತನ್ನದರೊಡನೆ ಜೋಡಿಸಿಕೊಳ್ಳುವ ಅನುಕೂಲವಿರುವುದರಿಂದ ಆಯ್ಕೆಯು ಒಂದು ಪಾತ್ರದ್ದಾಗಿರದೆ ಒಂದು ಕೂಟದ್ದಾಗುತ್ತದೆ. ಬ್ರೆಜಿಲ್‌ನ ಸಂಗೀತಗಾರನೊಬ್ಬನ ಹೆಸರಿನಲ್ಲಿ ೨೦೧೯ರಲ್ಲಿ ಬಂದ ಅಲೋಕ್ ಎಂಬ ಪಾತ್ರವು ತನ್ನ ಸುತ್ತ ಸುಮಾರು ೫ ಮೀಟರ್ ವ್ಯಾಪ್ತಿಯಲ್ಲಿರುವ ಜೊತೆಯವರ ಪ್ರಾಣವನ್ನು ತುಂಬುತ್ತ ಅವರ ಓಟವನ್ನು ಚುರುಕುಗೊಳಿಸುತ್ತದೆ. ಒಬ್ಬನ ಆಯ್ಕೆಯು ನಾಲ್ವರಿಗೆ ಆಸರೆಯಾಗುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಆದರೆ ಆಯ್ಕೆಗೆ ಬೆಲೆಯುಂಟು. ಹೊಸ ಆಟಗಾರನಿಗೆ ಮೊದಲು ದೊರೆಯುವ ಆದಂ ಮತ್ತು ಈವ್ ಎಂಬ ಪಾತ್ರಗಳಿಗೆ ಯಾವ ಸಾಮರ್ಥ್ಯವೂ ಇಲ್ಲ. ಉಳಿದ ಪಾತ್ರಗಳಲ್ಲಿ ಕೆಲವನ್ನು ಆಡಿ ಗಳಿಸಿದ ಚಿನ್ನದ ನಾಣ್ಯಗಳಿಂದ ಪಡೆಯಬಹುದಾಗಿದ್ದರೂ, ಅಲೋಕನಂಥ ಪಾತ್ರವನ್ನು ಪಡೆಯಲು ೫೯೯ ವಜ್ರಗಳು ಬೇಕಾಗಿದ್ದವು. ಆ ವಜ್ರಗಳನ್ನು ನಿಜವಾದ ರೂಪಾಯಿ ಕೊಟ್ಟು ಕೊಳ್ಳಬೇಕಾಗಿತ್ತು. ಬಂದೂಕುಗಳ ಮೇಲಿನ ಅಲಂಕಾರಗಳಲ್ಲಿಯೂ ಹಲವು ಅವುಗಳ ಬಲವನ್ನು ಹೆಚ್ಚಿಸುವಂಥವಾಗಿದ್ದವು. ಆಡಿಯೇ ಪಾತ್ರಗಳನ್ನು ಪಡೆಯುವ ದಾರಿಗಳು ಮುಂದೆ ವಿಸ್ತಾರಗೊಂಡುವಾದರೂ, ಆಟವು ಈ ಊರುಗಳಲ್ಲಿ ಹರಡಿದ ವರ್ಷಗಳ ಸ್ಥಿತಿಯು ಇದಾಗಿದ್ದಿತು.

ಇಲ್ಲಿ ನಮ್ಮ ಜಿಲ್ಲೆಯ ವೀರಗಲ್ಲುಗಳ ನೆನಪಾಗುವುದು ಸಹಜ. ಅವುಗಳಲ್ಲಿ ಕುದುರೆಯೇರಿದವನು, ಬಿಲ್ಲು ಹಿಡಿದವನು, ಕತ್ತಿ-ಗುರಾಣಿಗಳೊಡನೆ ನಿಂತವನು ಬೇರೆಬೇರೆಯಾಗಿ ಕಾಣುತ್ತಾರೆ. ಆ ಭೇದವು ವೀರನ ಇಚ್ಛೆಯಿಂದ ಬಂದದ್ದಲ್ಲ. ಕುಲ, ಸೇವೆ, ಸಂಪತ್ತುಗಳಿಂದ ಬಂದದ್ದು. ಕುದುರೆಯುಳ್ಳವನು ರಾವುತ, ಇಲ್ಲದವನು ಕಾಲಾಳು. ಯಾರು ಬೇಕಾದರೂ ಯಾವ ಪಾತ್ರವನ್ನಾದರೂ ಆರಿಸಿಕೊಳ್ಳಬಹುದೆಂಬುದೇ ಆಧುನಿಕ ಆಟವು ಆ ಹಳೆಯ ಸ್ಥಿತಿಗಿಂತ ಮುಂದಿಟ್ಟ ಹೆಜ್ಜೆ. ಪಾತ್ರಗಳನ್ನು ಮಾರಾಟಕ್ಕಿಟ್ಟಾಗ ಆ ಹೆಜ್ಜೆಯು ಹಿಂದಕ್ಕೆ ಸರಿಯಿತು. ಹಣವುಳ್ಳವನು ಮತ್ತೆ ರಾವುತನಾದನು.

ಆಟಗಾರರು ಇದನ್ನು ಗಮನಿಸದೆ ಇರಲಿಲ್ಲ. ಫ್ರೀ ಫೈರ್‌ನಲ್ಲಿ ಗೆಳೆಯರೇ ಒಂದು ಖಾಸಗಿ ಕಣವನ್ನು ತೆರೆದು ಆಡುವ ಏರ್ಪಾಡು ಉಂಟು. ಅದಕ್ಕೆ 'ಕಸ್ಟಮ್ ರೂಮ್' ಎಂದು ಹೆಸರು. ಅಲ್ಲಿ ಪಾತ್ರಗಳ ಸಾಮರ್ಥ್ಯವನ್ನೂ ಬಂದೂಕುಗಳ ಹೆಚ್ಚುವರಿ ಬಲವನ್ನೂ ನಿಲ್ಲಿಸಿಡಬಹುದು. ಪಂಥ ಕಟ್ಟಿ ಒಬ್ಬರಿಗೊಬ್ಬರು ಎದುರಾಗುವಾಗ 'ಸ್ಕಿಲ್ ಆಫ್' ಎಂದು ಮೊದಲೇ ಮಾತಾಡಿಕೊಳ್ಳುವುದು ಈ ಆಟಗಾರರಲ್ಲಿ ರೂಢಿಗೆ ಬಂದಿದೆ. ತಂಡವಾಗಿ ಆಡುವಾಗ ಸಾಮರ್ಥ್ಯಗಳಿರಬೇಕು, ಯಾರು ಮೇಲೆಂಬುದನ್ನು ತೀರ್ಮಾನಿಸುವಾಗ ಅವು ಇರಬಾರದು ಎಂಬ ವಿವೇಚನೆಯು ಇದರಲ್ಲಿ ಅಡಗಿದೆ. ಯಾವ ಗ್ರಂಥದಲ್ಲಿಯೂ ಬರೆಯದ ಈ ಕಟ್ಟಳೆಯು, ಕುಸ್ತಿಯ ಅಖಾಡದಲ್ಲಿ ಜೋಡು ಕೂಡಿಸುವಾಗ ಹಿರಿಯರು ನೋಡುವ ಸಮತೂಕದ ಜಾತಿಗೆ ಸೇರಿದ್ದು. ಸಮತೋಲವನ್ನು ತೂಗಿ ನೋಡಲು ಸಾಧನವಿಲ್ಲದ ತರುಣರು, ತಾವು ಕಣ್ಣಾರೆ ಕಾಣಬಲ್ಲ ಸಮಬಲಕ್ಕೆ ಮರಳಿದರೆಂದು ಇದನ್ನು ಅರ್ಥೈಸಬಹುದು.

ಈ ಎರಡು ಆಟಗಳ ಪೈಪೋಟಿಯಲ್ಲಿ ಸರಕಾರದ ಆಜ್ಞೆಗಳೂ ಪಾತ್ರ ವಹಿಸಿದವು. ೨೦೨೦ರ ಸೆಪ್ಟೆಂಬರ್ ೨ರಂದು ಕೇಂದ್ರ ಸರಕಾರವು ಪಬ್‌ಜಿಯನ್ನು ಒಳಗೊಂಡು ೧೧೮ ಆ್ಯಪ್‌ಗಳನ್ನು ನಿಷೇಧಿಸಿತು. ಸಮಬಲದ ಆಟವು ಹೀಗೆ ಕಣ್ಮರೆಯಾದಾಗ ಫ್ರೀ ಫೈರ್‌ಗೆ ಎದುರಿಲ್ಲದಂತಾಯಿತು. ೨೦೨೧ರ ಜುಲೈ ೨ರಂದು 'ಬಿಜಿಎಂಐ' ಎಂಬ ಹೆಸರಿನಲ್ಲಿ ಪಬ್‌ಜಿಯ ಭಾರತೀಯ ರೂಪವು ಬಂದಿತು. ೨೦೨೨ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧಕ್ಕೊಳಗಾಯಿತಾದರೂ ಅದರ ಇನ್ನೊಂದು ರೂಪವಾದ 'ಫ್ರೀ ಫೈರ್ ಮ್ಯಾಕ್ಸ್' ಉಳಿಯಿತು. ಅದೇ ವರ್ಷದ ಜುಲೈನಲ್ಲಿ ಬಿಜಿಎಂಐ ಮರೆಯಾಗಿ, ೨೦೨೩ರ ಮೇ ತಿಂಗಳಲ್ಲಿ ಮರಳಿತು. ಈ ಆಜ್ಞೆಗಳ ಕಾರಣಗಳು ರಾಷ್ಟ್ರದ ಭದ್ರತೆಗೆ ಸಂಬಂಧಿಸಿದವು. ಆಟದ ನ್ಯಾಯಕ್ಕೆ ಸಂಬಂಧಿಸಿದವಲ್ಲ. ಆದರೂ ತರುಣರು ಯಾವ ವರ್ಷ ಯಾವ ಬಗೆಯ ನ್ಯಾಯದೊಳಗೆ ಆಡಿದರೆಂಬುದು ಇವುಗಳಿಂದಲೇ ಬಹುಮಟ್ಟಿಗೆ ನಿರ್ಣಯವಾಯಿತು.

೫. ತಕ್ಕಡಿಯ ಪ್ರಶ್ನೆ

ಇನ್ನು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರಬಹುದು. ಸಮತೋಲದ ಆಟದಲ್ಲಿ ತಕ್ಕಡಿಯು ಆಟವನ್ನು ನಿರ್ಮಿಸಿದ ಸಂಸ್ಥೆಯ ಕೈಯಲ್ಲಿದೆ. ಒಂದು ಪಾತ್ರವು ಅತಿಬಲವಾಗಿ ಕಂಡರೆ ಅದು ಅಂಕಿಗಳನ್ನು ಇಳಿಸುತ್ತದೆ, ದುರ್ಬಲವಾದರೆ ಏರಿಸುತ್ತದೆ. ೨೦೨೦ರ ಡಿಸೆಂಬರಿನಲ್ಲಿ ಫ್ರೀ ಫೈರ್‌ಗೆ ಬಂದ ಕ್ರೋನೊ ಎಂಬ ಪಾತ್ರವು ಗುಂಡುಗಳನ್ನು ತಡೆಯುವ ಒಂದು ಗೋಳವನ್ನು ಸೃಷ್ಟಿಸಬಲ್ಲದಾಗಿತ್ತು. ಆರಂಭದಲ್ಲಿ ಅದರೊಳಗೆ ನಿಂತು ಹೊರಗಿನವರನ್ನು ಹೊಡೆಯಲೂ ಬರುತ್ತಿತ್ತು. ಮುಂದಿನ ತಿದ್ದುಪಡಿಗಳಲ್ಲಿ ಆ ಅವಕಾಶವನ್ನು ತೆಗೆದುಹಾಕಲಾಯಿತು. ತಿದ್ದುಪಡಿಯು ಆಟದ ದೃಷ್ಟಿಯಿಂದ ನ್ಯಾಯವೇ ಸರಿ. ಆದರೆ ಹಣ ಕೊಟ್ಟು ಆ ಪಾತ್ರವನ್ನು ಕೊಂಡವನು, ತಾನು ಕೊಂಡ ವಸ್ತುವು ಕೊಂಡ ಮೇಲೆ ಬೇರೆಯಾದುದನ್ನು ಕಂಡನು. ಮಾರುವವನೂ ತೂಗುವವನೂ ಒಬ್ಬನೇ ಆಗಿದ್ದರೆ ತೂಕದ ಬಗ್ಗೆ ಸಂಶಯ ಹುಟ್ಟದಿರದು. ಬ್ಯಾಡಗಿಯ ಪೇಟೆಯಲ್ಲಿ ಚೀಲ ತೂಗಿಸಿದ ಯಾವ ರೈತನಿಗೂ ಇದನ್ನು ವಿವರಿಸಬೇಕಾಗಿಲ್ಲ.

ಈ ದೋಷವು ಸಾಮರ್ಥ್ಯದ ಆಯ್ಕೆಗೆ ಅನಿವಾರ್ಯವಾಗಿ ಅಂಟಿದುದಲ್ಲ ಎಂಬುದನ್ನೂ ಹೇಳಬೇಕು. 'ಟೀಮ್ ಫೋರ್ಟ್ರೆಸ್ ೨'ರ ಒಂಬತ್ತು ವರ್ಗಗಳೂ ಎಲ್ಲರಿಗೂ ತೆರೆದಿವೆ. 'ವ್ಯಾಲರಂಟ್'ನಲ್ಲಿ ಪಾತ್ರಗಳನ್ನು ಆಡಿಯಾದರೂ ಹಣದಿಂದಾದರೂ ಪಡೆಯಬಹುದು. ೨೦೨೨ರಲ್ಲಿ ಪ್ರಕಟವಾದ 'ಓವರ್‌ವಾಚ್ ೨' ಮೊದಲು ಹೊಸ ಪಾತ್ರಗಳನ್ನು ಬೆಲೆಯ ಬೇಲಿಯ ಹಿಂದೆ ಇಟ್ಟಿತು. ಆಟಗಾರರ ಅಸಮಾಧಾನವು ನಿಲ್ಲದೆ ಇದ್ದುದರಿಂದ ೨೦೨೪ರಲ್ಲಿ ಎಲ್ಲ ಪಾತ್ರಗ��ನ್ನೂ ಎಲ್ಲರಿಗೂ ತೆರೆಯಬೇಕಾಯಿತು. ಇದರಿಂದ ಒಂದು ಪ್ರಮಾಣವನ್ನು ಪಡೆಯಬಹುದು. ಬಲಭೇದವು ಎಲ್ಲರ ಆಯ್ಕೆಗೆ ಸಮಾನವಾಗಿ ದೊರೆಯುವಂತಿದ್ದು, ಪ್ರತಿಯೊಂದು ಬಲಕ್ಕೂ ಎದುರುಬಲವು ಇದ್ದರೆ ಅದು ಆಟವನ್ನು ಶ್ರೀಮಂತಗೊಳಿಸುತ್ತದೆ. ಇವೆರಡರಲ್ಲಿ ಒಂದು ತಪ್ಪಿದರೂ ಭೇದವು ತಾರತಮ್ಯವಾಗುತ್ತದೆ.

ಇತಿಹಾಸಕಾರನಿಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಭೂದಾನದ ಶಾಸನಗಳಲ್ಲಿ ನೆಲವನ್ನು ಯಾವ ಕೋಲಿನಿಂದ ಅಳೆದರೆಂಬುದನ್ನು ಹೆಸರಿಸಿ ಹೇಳಿರುವುದುಂಟು. ಅಳತೆಯು ಬದಲಾದರೂ ಹಳೆಯ ಅಳತೆಯ ಹೆಸರು ಕಲ್ಲಿನ ಮೇಲೆ ಉಳಿಯಿತು. ಈ ಆಟಗಳಲ್ಲಿ ಹಾಗಿಲ್ಲ. ತಿದ್ದುಪಡಿಯಾದೊಡನೆ ಹಿಂದಿನ ಆಟವೇ ಇಲ್ಲವಾಗುತ್ತದೆ. ೨೦೧೬ರ 'ಓವರ್‌ವಾಚ್' ೨೦೨೨ರ ಅಕ್ಟೋಬರಿನಲ್ಲಿ ಮುಚ್ಚಿಹೋಯಿತು. ಅದರ ಸ್ಥಾನದಲ್ಲಿ ಬಂದ ಆಟದಲ್ಲಿ ತಂಡಕ್ಕೆ ಆರರ ಬದಲು ಐವರು. ೨೦೨೧ರಲ್ಲಿ ಹಾವೇರಿಯ ಒಬ್ಬ ವಿದ್ಯಾರ್ಥಿಯು ಆಡಿದ ಫ್ರೀ ಫೈರ್ ಇಂದು ಆಡಲು ದೊರೆಯದು. ಆದುದರಿಂದ ಈ ವಿಷಯದಲ್ಲಿ ಬರೆಯುವವರು ಆಟದ ಹೆಸರನ್ನು ಹೇಳಿದರೆ ಸಾಲದು. ಯಾವ ತಿಂಗಳ ಯಾವ ರೂಪವೆಂಬುದನ್ನು ಕಾಲಸಹಿತವಾಗಿ ಗುರುತಿಸಬೇಕು. ಸಂಸ್ಥೆಗಳು ಹೊರಡಿಸುವ ತಿದ್ದುಪಡಿಯ ಪ್ರಕಟಣೆಗಳು ಅಲ್ಲಲ್ಲಿ ಉಳಿಯಬಹುದು. ಆದರೆ 'ಸ್ಕಿಲ್ ಆಫ್' ಎಂಬಂಥ ಕಟ್ಟಳೆಗಳು, ಆಟಗಾರರು ತಾವೇ ಕಟ್ಟಿಕೊಂಡ ನ್ಯಾಯದ ನಿಯಮಗಳು, ಅವರ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ಆ ತರುಣರು ಓದು ಮುಗಿಸಿ ಬೆಂಗಳೂರು, ಹುಬ್ಬಳ್ಳಿಗಳಿಗೆ ಉದ್ಯೋಗಕ್ಕೆ ತೆರಳುತ್ತಿದ್ದಾರೆ. ಹಳ್ಳಿಯ ಹಾಡು-ಗಾದೆಗಳನ್ನು ಸಂಗ್ರಹಿಸುವಲ್ಲಿ ನಮ್ಮ ಹಿರಿಯರು ತೋರಿದ ಶ್ರದ್ಧೆಯನ್ನು ಈ ಕಟ್ಟಳೆಗಳ ವಿಷಯದಲ್ಲಿಯೂ ತೋರಿ, ಮೂರು ಊರುಗಳ ಆಟಗಾರರಿಂದ ಅವನ್ನು ವರ್ಷಸಹಿತವಾಗಿ ಬರೆದಿಡುವ ಕಾರ್ಯವನ್ನು ವಿಭಾಗದ ವಿದ್ಯಾರ್ಥಿಗಳು ಕೈಗೊಳ್ಳುವುದು ಅಗತ್ಯವಾಗಿದೆ. ಸಮತೋಲವನ್ನು ಯಾರು ತೂಗಿದರೆಂಬುದಕ್ಕೆ ಸಂಸ್ಥೆಗಳ ದಾಖಲೆಗಳು ಸಾಕ್ಷಿ ಹೇಳಬಹುದು. ಅದನ್ನು ಯಾರು ಒಪ್ಪಲಿಲ್ಲವೆಂಬುದಕ್ಕೆ ಈ ತರುಣರ ಮಾತೊಂದೇ ಆಧಾರ.